ಕಾಲಿನ ಅಳತೆ ತೆಗೆದರು, ಮನೆಯದು ತೆಗೆಯಲಿಲ್ಲ

ಪಾರ್ಶ್ವವಾಯು ಬಡಿದ ನಾಲ್ಕನೇ ತಿಂಗಳಿಗೆ ನಮ್ಮ ಚಿಕ್ಕಪ್ಪನ ಎಡಗಾಲಿಗೊಂದು ಸ್ಪ್ಲಿಂಟ್ ಮಾಡಿಸಿದೆವು. ಬಿಳಿ ಪ್ಲಾಸ್ಟಿಕ್ಕಿನದು. ಮೀನಖಂಡದ ಹಿಂಬದಿಯಿಂದ ಇಳಿದು, ಹಿಮ್ಮಡಿಯನ್ನು ಬಳಸಿ, ಅಂಗಾಲಿನಡಿ ಬೆರಳುಗಳವರೆಗೆ ಚಾಚಿಕೊಳ್ಳುವ ಸಾಧನ. ವೈದ್ಯರ ಚೀಟಿಯಲ್ಲಿ ಅದರ ಹೆಸರು ಎಎಫ್‌ಒ, ಅಂದರೆ ಆ್ಯಂಕಲ್-ಫುಟ್ ಆರ್ಥೋಸಿಸ್. ಆಸ್ಪತ್ರೆಯ ಕಾರಿಡಾರಿನಲ್ಲಿ ಬೂಟಿನೊಳಗೆ ಅದನ್ನು ತೊಟ್ಟು ನಡೆದಾಗ, ಅಷ್ಟು ದಿನ ನೆಲಕ್ಕೆ ಉಜ್ಜುತ್ತಿದ್ದ ಪಾದ ಎದ್ದು ಮುಂದಕ್ಕೆ ಹೋಯಿತು. ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಹದಿನೈದು ದಿನ ಕಳೆಯುವಷ್ಟರಲ್ಲಿ ಆ ಸ್ಪ್ಲಿಂಟ್ ಕೋಣೆಯ ಬಾಗಿಲ ಹಿಂದಿನ ಮೊಳೆಗೆ ಹೋಗಿ ನೇತುಬಿದ್ದಿತ್ತು. ಯಾಕೆಂದು ಕೇಳಿದರೆ, "ಹಾಕಿಕೊಂಡರೆ ಮಂಡಿ ಹಿಂದಕ್ಕೆ ಹೋಗುತ್ತದೆ ಕಣೋ, ಬೀಳುವ ಹಾಗಾಗುತ್ತದೆ" ಎನ್ನುತ್ತಿದ್ದರು. ನಾವು ನಂಬಲಿಲ್ಲ. ಮೊದಲಿನಿಂದಲೂ ಹಠದ ಮನುಷ್ಯ, ಈಗಲೂ ಹಠ ಎಂದುಕೊಂಡೆವು.

ಎರಡು ತಿಂಗಳ ಮೇಲೆ ವ್ಯಾಯಾಮ ಮಾಡಿಸಲು ಮನೆಗೆ ಬಂದ ಫಿಸಿಯೋಥೆರಪಿಸ್ಟ್ ಆ ಮೊಳೆಯನ್ನು ನೋಡಿ ಒಂದೇ ಪ್ರಶ್ನೆ ಕೇಳಿದಳು: "ಅಂಕಲ್, ಮನೆಯೊಳಗೆ ಬೂಟು ಹಾಕಿಕೊಳ್ಳುತ್ತೀರಾ?" ಉತ್ತರ ಚಿಕ್ಕಮ್ಮನಿಂದ ಬಂತು. ದೇವರ ಕೋಣೆ ಇರುವ ಮನೆಯಲ್ಲಿ ಬೂಟೇ?

ಗುಟ್ಟು ಇದ್ದದ್ದು ಅಲ್ಲಿಯೇ. ಬೂಟಿನ ಹಿಮ್ಮಡಿ ಅದರ ಮುಂಭಾಗಕ್ಕಿಂತ ಸುಮಾರು ಒಂದು ಸೆಂಟಿಮೀಟರ್ ಎತ್ತರವಿತ್ತು. ಹಿಮ್ಮಡಿಗೂ ಬೆರಳಬುಡಕ್ಕೂ ಹತ್ತೊಂಬತ್ತು ಸೆಂಟಿಮೀಟರ್ ಅಂತರವೆಂದರೆ, ಈ ಒಂದು ಸೆಂಟಿಮೀಟರ್ ಸೇರಿ ಆಗುವ ಓರೆ ಸುಮಾರು ಮೂರು ಡಿಗ್ರಿ. ಪಾದ ಮತ್ತು ಕಾಲಿನ ನಡುವಿನ ಕೋನವನ್ನು ಗಟ್ಟಿ ಪ್ಲಾಸ್ಟಿಕ್ ತೊಂಬತ್ತು ಡಿಗ್ರಿಗೆ ಬಿಗಿದು ಹಿಡಿದಿರುತ್ತದೆ; ಬೂಟಿನ ಓರೆ ಸೇರಿದಾಗ ಮಂಡಿಯ ಕೆಳಗಿನ ಕಾಲು ಕೊಂಚ ಮುಂದಕ್ಕೆ ವಾಲಿ ನಿಲ್ಲುತ್ತದೆ, ನಡಿಗೆಗೆ ಬೇಕಾದದ್ದೂ ಅದೇ. ಬೂಟು ಬಿಟ್ಟು ಬರಿ ಸ್ಪ್ಲಿಂಟಿನಲ್ಲಿ ಸಮತಟ್ಟು ನೆಲದ ಮೇಲೆ ನಿಂತರೆ ಆ ವಾಲು ಮಾಯವಾಗುತ್ತದೆ. ಮುಂದಕ್ಕೆ ಹೋಗಬೇಕಾದ ಕಾಲನ್ನು ಪ್ಲಾಸ್ಟಿಕ್ ತಡೆದು ನಿಲ್ಲಿಸುತ್ತದೆ, ಮೈಭಾರ ಮುಂದೆ ಸರಿಯುತ್ತದೆ, ಮಂಡಿ ಹಿಂದಕ್ಕೆ ದಬ್ಬಿಸಿಕೊಳ್ಳುತ್ತದೆ. ಸಾಲದ್ದಕ್ಕೆ ಟೈಲ್ಸ್ ನೆಲದ ಮೇಲೆ ನುಣುಪು ಪ್ಲಾಸ್ಟಿಕ್ ಜಾರುತ್ತದೆ. ಚಿಕ್ಕಪ್ಪ ಹೇಳುತ್ತಿದ್ದುದು ಅಕ್ಷರಶಃ ನಿಜವಾಗಿತ್ತು. ಬೂಟು ತೊಟ್ಟ ಕಾಲಿಗೆ ಅಳತೆ ತೆಗೆದು, ಬರಿಗಾಲಿನ ಮನೆಗೆ ಸಾಧನವನ್ನು ಕಳಿಸಿದ್ದೆವು.

ಆರ್ಥೋಸಿಸ್ ಎಂದರೆ ಇರುವ ಅಂಗಕ್ಕೆ ಆಧಾರ ಕೊಡುವ, ಅದನ್ನು ಸರಿಯಾದ ನಿಲುವಿನಲ್ಲಿ ಹಿಡಿಯುವ ಹೊರಸಾಧನ. ಇಲ್ಲದ ಅಂಗದ ಬದಲಿಗೆ ಬರುವ ಕೃತಕ ಕಾಲು ಬೇರೆ, ಇದು ಬೇರೆ. ಪೋಲಿಯೊ ಆದವರ ಕ್ಯಾಲಿಪರ್, ಬೆನ್ನಿನ ಬ್ರೇಸ್, ಕುತ್ತಿಗೆಯ ಕಾಲರ್, ಚಪ್ಪಲಿಯೊಳಗಿನ ಮೆತ್ತೆ ಎಲ್ಲವೂ ಈ ಕುಟುಂಬಕ್ಕೆ ಸೇರಿದವು. 2011ರ ಜನಗಣತಿಯಲ್ಲಿ ದೇಶದ 2.68 ಕೋಟಿ ವಿಕಲಚೇತನರ ಪೈಕಿ ಸುಮಾರು 54 ಲಕ್ಷ ಮಂದಿ ಚಲನೆಯ ತೊಂದರೆಯವರು. ಪಾರ್ಶ್ವವಾಯುವಿನ ನಂತರ ಕುಂಟುವವರು, ಮಧುಮೇಹದಿಂದ ಪಾದದ ಸ್ಪರ್ಶ ಕಳೆದುಕೊಂಡವರು ಎಷ್ಟೋ ಮಂದಿ ಈ ಲೆಕ್ಕಕ್ಕೆ ಬಂದಿರಲಾರರು. ಇವರಿಗಾಗಿ ಸಾಧನಗಳು ಇಲ್ಲವೆಂದಲ್ಲ. ಮೆಡಿಕಲ್ ಅಂಗಡಿಯ ಗಾಜಿನ ಬೀರುವಿನಲ್ಲೇ ಸ್ಮಾಲ್, ಮೀಡಿಯಂ, ಲಾರ್ಜ್ ಎಂದು ಪೆಟ್ಟಿಗೆಗಳು ಕುಳಿತಿವೆ. ಇಲ್ಲದಿರುವುದು ಅದಕ್ಕೂ ಮುಂಚಿನ ಅರ್ಧ ಗಂಟೆಯ ತಪಾಸಣೆ ಮತ್ತು ಅದರ ನಂತರದ ಎರಡನೇ ಭೇಟಿ.

ಆ ಅರ್ಧ ಗಂಟೆಯಲ್ಲಿ ಏನು ನಡೆಯಬೇಕು? "ಪಾದ ಜೋತುಬಿದ್ದಿದೆ, ಸ್ಪ್ಲಿಂಟ್ ಕೊಡಿ" ಎಂಬ ಚೀಟಿಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಕುಷ್ಠರೋಗದಿಂದಲೋ ಪೆಟ್ಟಿನಿಂದಲೋ ಮಂಡಿಯ ಹೊರಬದಿಯ ನರ ಸೋತಿದ್ದರೆ ಪಾದ ಸಡಿಲವಾಗಿ ತೂಗಾಡುತ್ತದೆ. ಅದನ್ನು ಎತ್ತಿ ಹಿಡಿಯಲು ತೆಳುವಾದ, ಬಾಗುವ ಸ್ಪ್ಲಿಂಟ್ ಸಾಕು. ಪಾರ್ಶ್ವವಾಯುವಿನಲ್ಲಿ ಮೀನಖಂಡದ ಸ್ನಾಯು ಬಿಗಿದು ಪಾದವನ್ನು ಕೆಳಕ್ಕೂ ಒಳಕ್ಕೂ ಎಳೆಯುತ್ತಿದ್ದರೆ, ಅದೇ ತೆಳು ಸ್ಪ್ಲಿಂಟ್ ಆ ಎಳೆತಕ್ಕೆ ಸೋಲುತ್ತದೆ. ನೋಡುವ ಕಣ್ಣಿಗೆ ಎರಡೂ ಜೋತುಬಿದ್ದ ಪಾದವೇ.

ಆದ್ದರಿಂದ ಫಿಸಿಯೋಥೆರಪಿಸ್ಟ್ ಮೊದಲು ಕೈಯಿಂದ ಓದುತ್ತಾರೆ. ಪ್ರತಿ ಸ್ನಾಯುವಿನ ಬಲಕ್ಕೆ ಸೊನ್ನೆಯಿಂದ ಐದರವರೆಗೆ ಅಂಕ. ಕೀಲನ್ನು ವೇಗವಾಗಿ ಎಳೆದಾಗ ಎಷ್ಟು ಬಿಗಿ ಎದುರಾಗುತ್ತದೆ, ನಿಧಾನಕ್ಕೆ ಎಳೆದಾಗ ಎಷ್ಟು. ಎರಡೂ ಕಾಲು ಒಂದೇ ಉದ್ದವೇ. ಚರ್ಮದಲ್ಲಿ ಹಳೆಯ ಗಾಯದ ಗುರುತಿದೆಯೇ. ಅಂಗಾಲಿಗೆ ಸ್ಪರ್ಶ ತಿಳಿಯುತ್ತದೆಯೇ, ಏಕೆಂದರೆ ನೋವು ತಿಳಿಯದವನಿಗೆ ಸ್ಪ್ಲಿಂಟ್ ಕಚ್ಚಿದರೂ ತಿಳಿಯುವುದಿಲ್ಲ. ಕೊನೆಗೆ ನಡೆಸಿ ನೋಡುವುದು. ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ.

ಇವುಗಳಲ್ಲಿ ಒಂದು ಅಳತೆಯನ್ನು ನಾನು ಬಿಡಿಸಿ ಹೇಳಬೇಕು, ಏಕೆಂದರೆ ಅವಸರದಲ್ಲಿ ಮೊದಲು ತಪ್ಪಿಹೋಗುವುದು ಇದೇ. ಪಾದವನ್ನು ಮೇಲಕ್ಕೆ ಮಡಚುವ ಕೋನವನ್ನು ಎರಡು ಸಲ ಅಳೆಯಬೇಕು: ಮಂಡಿ ಬಗ್ಗಿಸಿ ಒಮ್ಮೆ, ಮಂಡಿ ನೀಟಾಗಿಸಿ ಒಮ್ಮೆ. ಮೀನಖಂಡದ ದೊಡ್ಡ ಸ್ನಾಯು ಮಂಡಿಯನ್ನೂ ದಾಟಿ ಮೇಲೆ ಹೋಗಿ ಅಂಟಿಕೊಂಡಿದೆ. ಮಂಡಿ ಬಗ್ಗಿದಾಗ ಅದು ಸಡಿಲವಾಗುತ್ತದೆ, ಪಾದ ಸುಲಭವಾಗಿ ತೊಂಬತ್ತು ಡಿಗ್ರಿಗೆ ಬರುತ್ತದೆ. ಕುರ್ಚಿಯಲ್ಲಿ ಕೂರಿಸಿ ಅಳತೆ ತೆಗೆದರೆ ಎಲ್ಲವೂ ಸರಿಯಾಗಿದೆ ಎನ್ನಿಸುವುದು ಇದರಿಂದಲೇ. ಮನುಷ್ಯ ಎದ್ದು ನಿಂತು ಹೆಜ್ಜೆ ಇಡುವಾಗ ಮಂಡಿ ನೀಟಾಗುತ್ತದೆ, ಸ್ನಾಯು ಬಿಗಿಯುತ್ತದೆ. ಆಗ ತೊಂಬತ್ತಕ್ಕೆ ಬಾರದ ಪಾದವನ್ನು ತೊಂಬತ್ತರ ಸ್ಪ್ಲಿಂಟಿನಲ್ಲಿ ಕಟ್ಟಿಹಾಕಿದ್ದರೆ ಮೂರರಲ್ಲಿ ಒಂದು ಆಗಲೇಬೇಕು: ಹಿಮ್ಮಡಿ ಸ್ಪ್ಲಿಂಟಿನಿಂದ ಮೇಲಕ್ಕೆದ್ದು ಚರ್ಮ ಉಜ್ಜಿಹೋಗುತ್ತದೆ, ಇಲ್ಲವೇ ಪಾದದ ನಡುಭಾಗ ಕುಸಿದು ಚಪ್ಪಟೆಯಾಗುತ್ತದೆ, ಇಲ್ಲವೇ ಮಂಡಿ ಸದಾ ಬಗ್ಗಿಯೇ ಇರುತ್ತದೆ. ಇಂಥವರಿಗೆ ಮೊದಲು ಬೇಕಾದದ್ದು ಕೆಲವು ವಾರ ಸ್ನಾಯುವನ್ನು ಎಳೆದು ಸಡಿಲಿಸುವ ಚಿಕಿತ್ಸೆ, ಅಥವಾ ಆ ಬಿಗಿಯನ್ನು ಒಪ್ಪಿಕೊಂಡು ಪಾದ ಕೊಂಚ ಕೆಳಮುಖವಾಗಿಯೇ ಇರುವಂತೆ ಸ್ಪ್ಲಿಂಟ್ ಮಾಡಿ, ಹಿಮ್ಮಡಿಯಡಿ ಬೆಣೆ ಕೊಡುವುದು. ಅಂಗಡಿಯ ಪೆಟ್ಟಿಗೆಯಿಂದ ಬರುವ ಸಾಧನಕ್ಕೆ ಈ ಆಯ್ಕೆಗಳಿಲ್ಲ.

ತಯಾರಿಕೆಯ ಕೆಲಸವೂ ಕೈಯದ್ದೇ. ಕಾಲಿಗೆ ತೆಳು ಬಟ್ಟೆ ತೊಡಿಸಿ, ಒತ್ತಿದರೆ ನೋಯುವ ಮೂಳೆಯ ಉಬ್ಬುಗಳಿಗೆ ಒದ್ದೆಯಾದರೆ ಬಣ್ಣ ಬಿಡುವ ಪೆನ್ಸಿಲಿನಿಂದ ಗುರುತು ಹಾಕಿ, ಮೇಲೆ ಪ್ಲಾಸ್ಟರ್ ಸುತ್ತುತ್ತಾರೆ. ಅದು ಗಟ್ಟಿಯಾಗುವ ಕೆಲವು ನಿಮಿಷ ಪಾದವನ್ನು ಸರಿಯಾದ ನಿಲುವಿನಲ್ಲಿ ಹಿಡಿದಿರುವ ಕೈಯೇ ಇಡೀ ಸಾಧನದ ಹಣೆಬರಹ ಬರೆಯುತ್ತದೆ. ಆ ಪ್ಲಾಸ್ಟರ್ ಚಿಪ್ಪಿನೊಳಗೆ ಮತ್ತೆ ಪ್ಲಾಸ್ಟರ್ ಸುರಿದು ಕಾಲಿನ ಅಚ್ಚು ತೆಗೆಯುತ್ತಾರೆ. ಪೆನ್ಸಿಲ್ ಗುರುತು ಅಚ್ಚಿನ ಮೇಲೂ ಮೂಡಿರುತ್ತದೆ. ಅಲ್ಲಿ ಒಂದಿಷ್ಟು ಪ್ಲಾಸ್ಟರ್ ಮೆತ್ತಿದರೆ ಸ್ಪ್ಲಿಂಟಿನಲ್ಲಿ ಮೂಳೆಗೆ ಜಾಗ ಸಿಗುತ್ತದೆ. ಬಿಗಿಹಿಡಿಯಬೇಕಾದ ಕಡೆ ಅಚ್ಚನ್ನು ಹೆರೆಯುತ್ತಾರೆ. ಅನಂತರ ಒಲೆಯಲ್ಲಿ ಮೆತ್ತಗಾದ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಹಾಳೆಯನ್ನು ಅಚ್ಚಿನ ಮೇಲೆ ಹೊದಿಸಿ, ಗಾಳಿ ಹೀರಿ ಅಂಟಿಸುತ್ತಾರೆ. ಅಂಚನ್ನು ಎಲ್ಲಿ ಕತ್ತರಿಸಬೇಕು ಎಂಬುದರಲ್ಲಿ ಇನ್ನೊಂದು ಲೆಕ್ಕಾಚಾರ. ಪಾದದ ಕೀಲಿನ ಎರಡೂ ಬದಿಯ ಗಂಟುಗಳ ಹಿಂದಕ್ಕೆ ಕತ್ತರಿಸಿದರೆ ಸ್ಪ್ಲಿಂಟ್ ಬಾಗುತ್ತದೆ, ಗಂಟುಗಳನ್ನು ಮುಚ್ಚುವಂತೆ ಮುಂದಕ್ಕೆ ಬಿಟ್ಟರೆ ಅಲುಗುವುದಿಲ್ಲ. ಮೇಲಿನ ಅಂಚು ಮಂಡಿಯ ಹೊರಬದಿಯ ಮೂಳೆಯ ತುದಿಗಿಂತ ಒಂದೆರಡು ಸೆಂಟಿಮೀಟರ್ ಕೆಳಗೇ ನಿಲ್ಲಬೇಕು. ಪಾದವನ್ನು ಎತ್ತುವ ನರ ಆ ಮೂಳೆಯನ್ನು ಸುತ್ತಿಕೊಂಡೇ ಇಳಿಯುತ್ತದೆ, ಅದನ್ನು ಒತ್ತಿದರೆ ಜೋತುಬಿದ್ದ ಪಾದಕ್ಕೆ ಕೊಟ್ಟ ಸಾಧನವೇ ಪಾದವನ್ನು ಇನ್ನಷ್ಟು ಬೀಳಿಸೀತು.

ಈಚೆಗೆ ಪ್ಲಾಸ್ಟರಿನ ಜಾಗಕ್ಕೆ ಸ್ಕ್ಯಾನರ್ ಮತ್ತು ತ್ರೀಡಿ ಪ್ರಿಂಟರ್ ಬರುತ್ತಿವೆ. ಗಲೀಜಿಲ್ಲ, ಬೇಗ ಆಗುತ್ತದೆ, ಅಳತೆಯನ್ನು ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳಬಹುದು. ನನಗೆ ಅದರ ಮೇಲೆ ಮುನಿಸಿಲ್ಲ. ಆದರೆ ಸ್ಕ್ಯಾನರ್ ಕಾಲು ಹೇಗಿದೆಯೋ ಹಾಗೆ ನೋಡುತ್ತದೆ. ಕಾಲು ಹೇಗಿರಬೇಕು ಎಂದು ಹಿಡಿದುಕೊಳ್ಳುವ ಕೈ ಆಗಲೂ ಬೇಕೇ ಬೇಕು. ವಕ್ರವಾದ ಪಾದವನ್ನು ಚೆಂದವಾಗಿ ಸ್ಕ್ಯಾನ್ ಮಾಡಿದರೆ ಚೆಂದವಾದ ವಕ್ರ ಸ್ಪ್ಲಿಂಟ್ ಸಿಗುತ್ತದೆ.

ಸಾಧನ ಕೈಗೆ ಬಂದ ದಿನ ಕೆಲಸ ಅರ್ಧ ಮುಗಿದಿರುತ್ತದೆ, ಅಷ್ಟೇ. ಮೊದಲ ದಿನ ಒಂದು ಗಂಟೆ ತೊಟ್ಟು, ಬಿಚ್ಚಿ, ಚರ್ಮ ನೋಡಬೇಕು. ಒತ್ತಿದ ಕಡೆ ಕೆಂಪಾಗುವುದು ಸಹಜ, ಆದರೆ ಅರ್ಧ ಗಂಟೆಯೊಳಗೆ ಆ ಕೆಂಪು ಮಾಸಬೇಕು. ಮಾಸದಿದ್ದರೆ ತೊಡುವುದನ್ನು ನಿಲ್ಲಿಸಿ ಮಾಡಿದವರ ಹತ್ತಿರ ಹೋಗಬೇಕು, ಅಲ್ಲಿ ಬಿಸಿಗಾಳಿ ಹಾಯಿಸಿ ಪ್ಲಾಸ್ಟಿಕ್ಕನ್ನು ಉಬ್ಬಿಸಿಕೊಡುತ್ತಾರೆ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದು. ಬೆರಳಿನಿಂದ ಬಿಸಿಯನ್ನೂ ಗಡಸನ್ನೂ ಮುಟ್ಟಿ ತಿಳಿಯಬೇಕೆಂದು ನಮ್ಮವರಿಗೆ ಹೇಳಿಕೊಡುವವರು ಕಡಿಮೆ. ಒಳಗೆ ಹತ್ತಿಯ ಕಾಲುಚೀಲ ಹಾಕಬೇಕು, ಬೆವರಿದರೆ ಬದಲಿಸಬೇಕು. ರಾಯಚೂರಿನ ಏಪ್ರಿಲ್ ತಿಂಗಳಲ್ಲಿ ಇದು ದಿನಕ್ಕೆ ಮೂರು ಜೊತೆ ಕಾಲುಚೀಲದ ಮಾತು.

ತೊಟ್ಟ ಗಂಟೆಗಳೇ ಔಷಧ ಎಂಬುದಕ್ಕೆ ಗಟ್ಟಿ ಸಾಕ್ಷ್ಯ ಬೆನ್ನುಮೂಳೆಯ ಕಡೆಯಿಂದ ಬಂದಿದೆ. ಹರೆಯದಲ್ಲಿ ಬೆನ್ನು ಪಕ್ಕಕ್ಕೆ ಬಾಗುವ ಸ್ಕೋಲಿಯೋಸಿಸ್‌ಗೆ ಬ್ರೇಸ್ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ಅಮೆರಿಕ ಮತ್ತು ಕೆನಡಾದ 25 ಕೇಂದ್ರಗಳಲ್ಲಿ ಪರೀಕ್ಷಿಸಿದರು. ಫಲಿತಾಂಶ ಪ್ರಕಟವಾದದ್ದು 2013ರಲ್ಲಿ. ಬ್ರೇಸ್ ಕೊಟ್ಟವರಲ್ಲಿ ಶೇ. 72ರಷ್ಟು ಮಂದಿಯ ಬಾಗು ಶಸ್ತ್ರಚಿಕಿತ್ಸೆಯ ಮಟ್ಟಕ್ಕೆ ಹೋಗಲಿಲ್ಲ. ಬರೀ ಕಾದು ನೋಡಿದವರಲ್ಲಿ ಈ ಪ್ರಮಾಣ ಶೇ. 48. ಬ್ರೇಸಿನೊಳಗೆ ಉಷ್ಣತೆ ಅಳೆಯುವ ಪುಟ್ಟ ಸಾಧನ ಇಟ್ಟಿದ್ದರು, ಹಾಗಾಗಿ ಮಕ್ಕಳು ಎಷ್ಟು ಹೊತ್ತು ತೊಟ್ಟರೆಂಬುದು ಬಾಯಿಮಾತಿನ ಲೆಕ್ಕವಾಗಿರಲಿಲ್ಲ. ದಿನಕ್ಕೆ ಸರಾಸರಿ 13 ಗಂಟೆಯ ಆಸುಪಾಸು ಮತ್ತು ಅದಕ್ಕೂ ಹೆಚ್ಚು ತೊಟ್ಟವರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿಗೆ ಫಲ ಸಿಕ್ಕಿತು. ಅನುಕೂಲ ಅಷ್ಟು ಸ್ಪಷ್ಟವಾದದ್ದರಿಂದ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿದರು.

ಹುಟ್ಟಿನಿಂದ ಪಾದ ಒಳಕ್ಕೆ ತಿರುಚಿಕೊಂಡ ಮಕ್ಕಳ ಕತೆಯೂ ಹೀಗೆಯೇ. ಸ್ಪೇನ್ ಮೂಲದ ವೈದ್ಯ ಇಗ್ನಾಸಿಯೊ ಪೊನ್ಸೆಟಿ ಅಮೆರಿಕದ ಅಯೋವಾದಲ್ಲಿ ರೂಪಿಸಿದ ಕ್ರಮದಂತೆ ವಾರಕ್ಕೊಮ್ಮೆ ಪ್ಲಾಸ್ಟರ್ ಬದಲಿಸುತ್ತಾ ಪಾದವನ್ನು ನೇರಕ್ಕೆ ತರುತ್ತಾರೆ. ಆಮೇಲೆ ಎರಡು ಪುಟ್ಟ ಬೂಟುಗಳನ್ನು ಒಂದು ಪಟ್ಟಿಗೆ ಜೋಡಿಸಿದ ಬ್ರೇಸ್: ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ನಂತರ ನಾಲ್ಕೈದು ವರ್ಷ ವಯಸ್ಸಾಗುವವರೆಗೆ ನಿದ್ದೆಯ ಹೊತ್ತಿನಲ್ಲಿ. ಪಾದ ನೋಡಲು ನೆಟ್ಟಗಾಗಿರುತ್ತದೆ, ಮಗು ರಾತ್ರಿಯೆಲ್ಲ ಅಳುತ್ತದೆ, ಅಜ್ಜಿ "ಪಾಪ, ಬಿಚ್ಚಿಬಿಡಿ" ಎನ್ನುತ್ತಾರೆ. ತಿರುಚು ಮರಳಿ ಬರುವುದಕ್ಕೆ ಮುಖ್ಯ ಕಾರಣ ಬ್ರೇಸ್ ಬಿಡುವುದೇ. ಅಜ್ಜಿಯನ್ನು ಕೂರಿಸಿಕೊಂಡು ಮಾತಾಡದ ಚಿಕಿತ್ಸೆ ನಮ್ಮ ಮನೆಗಳಲ್ಲಿ ನಡೆಯುವುದಿಲ್ಲ.

ಬರಿಗಾಲಿನ ನಾಡಿಗೆ ತಕ್ಕ ಸಾಧನ ಯೋಚಿಸಿದವರು ನಮ್ಮಲ್ಲಿ ಇರಲಿಲ್ಲವೇ ಎಂದರೆ, ಇದ್ದರು. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ 1946ರಲ್ಲಿ ವೆಲ್ಲೂರಿಗೆ ಬಂದು ಕುಷ್ಠರೋಗಿಗಳ ಕೈಕಾಲು ನೋಡತೊಡಗಿದರು. ಬೆರಳು ಕರಗಿಹೋಗುವುದು ರೋಗದಿಂದಲ್ಲ, ನೋವು ತಿಳಿಯದ ಪಾದದ ಮೇಲೆ ಅದದೇ ಜಾಗಕ್ಕೆ ಬೀಳುವ ಒತ್ತಡದಿಂದ ಎಂದು ಅವರೂ ಅವರ ಸಂಗಡಿಗರೂ ತೋರಿಸಿದರು. ಅಲ್ಲಿಂದಲೇ ಸೂಕ್ಷ್ಮರಂಧ್ರದ ಮೆತ್ತನೆ ರಬ್ಬರಿನ (ಮೈಕ್ರೋಸೆಲ್ಯುಲರ್ ರಬ್ಬರ್, ಎಂಸಿಆರ್) ಚಪ್ಪಲಿ ಬಂತು. ಬೂಟಲ್ಲ, ಚಪ್ಪಲಿ, ಬಿಸಿಲಿಗೂ ಕೆಸರಿಗೂ ಆಗುವಂಥದ್ದು. ಇಂದು ಊರೂರಿನಲ್ಲಿ ಮಾರುವ ಎಂಸಿಆರ್ ಚಪ್ಪಲಿಯ ಮೂಲ ಅದು. ಆದರೆ ಈ ಚಪ್ಪಲಿ ನೋಡಿದರೆ ಸಾಕು, ಕಾಯಿಲೆ ಯಾವುದೆಂದು ಊರಿಗೆ ಗೊತ್ತಾಗುತ್ತಿತ್ತು. ಹಾಗಾಗಿ ಬೇಡವೆಂದು ಬಿಟ್ಟವರೂ ಇದ್ದರು. ಸಾಧನ ಕಾಲಿಗೆ ಹೊಂದಿದರೆ ಸಾಲದು, ಬೀದಿಗೂ ಹೊಂದಬೇಕು. ಈಗ ಹಿಮ್ಮಡಿ ನೋವಿನವರೆಲ್ಲ ಅದನ್ನು ಕೊಳ್ಳುವುದರಿಂದ ಆ ಕಳಂಕ ಬಹುಮಟ್ಟಿಗೆ ತೊಳೆದುಹೋಗಿದೆ. ಜೊತೆಗೆ ಹೆಸರಿನ ಅರ್ಥವೂ ತೊಳೆದುಹೋಗಿ, ಮೆತ್ತಗಿರುವುದನ್ನೆಲ್ಲ ಎಂಸಿಆರ್ ಎಂದು ಮಾರುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2023ರ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆಯನ್ನು ಅಂಗಾಲಿಗೆ ಮುಟ್ಟಿಸಿ, "ಗೊತ್ತಾಯಿತೇ?" ಎಂದು ಕೇಳುವ ಎರಡು ನಿಮಿಷದ ಪರೀಕ್ಷೆ ಇವರಿಗೆ ಆಗಬೇಕು. ಚಪ್ಪಲಿ ಕೊಳ್ಳುವುದು ಆಮೇಲಿನ ಮಾತು.

ಹಾಗಾದರೆ ಎಡವಟ್ಟು ಎಲ್ಲಿ? ಒಂದು, ಅಧಿಕಾರದ ಗೋಡೆ. ಇಂಥ ಸಾಧನ ತಯಾರಿಸಿ ಹೊಂದಿಸುವ ಆರ್ಥೋಟಿಸ್ಟ್‌ಗಳ ನೋಂದಣಿ 1992ರ ಭಾರತೀಯ ಪುನರ್ವಸತಿ ಮಂಡಳಿ ಕಾಯ್ದೆಯಡಿ, ಸಾಮಾಜಿಕ ನ್ಯಾಯ ಸಚಿವಾಲಯದ ಕಡೆ. ಫಿಸಿಯೋಥೆರಪಿಸ್ಟ್‌ಗಳು ಬರುವುದು 2021ರ ಸಹಾಯಕ ಆರೋಗ್ಯ ವೃತ್ತಿಗಳ ಕಾಯ್ದೆಯಡಿ, ಆರೋಗ್ಯ ಸಚಿವಾಲಯದ ಕಡೆ. ಕಾಲು ಒಂದೇ, ಸಚಿವಾಲಯ ಎರಡು. ಆರ್ಥೋಟಿಸ್ಟ್‌ಗೆ ಅಚ್ಚಿನ ವಿದ್ಯೆ ಗೊತ್ತು, ಫಿಸಿಯೋಥೆರಪಿಸ್ಟ್‌ಗೆ ರೋಗಿ ತಿಂಗಳುಗಟ್ಟಲೆ ನಡೆದ ರೀತಿ ಗೊತ್ತು. ಇಬ್ಬರೂ ಒಂದೇ ಕೋಣೆಯಲ್ಲಿ ನಿಂತು ಒಬ್ಬನ ನಡಿಗೆ ನೋಡುವ ಸಂದರ್ಭ ಮಾತ್ರ ಅಪರೂಪ. 1994ರಲ್ಲಿ ಶುರುವಾದ ಬೆಂಗಳೂರಿನ ಮೊಬಿಲಿಟಿ ಇಂಡಿಯಾದಂಥ ಸಂಸ್ಥೆ ಈ ವಿದ್ಯೆಯಲ್ಲಿ ಜನರನ್ನು ತಯಾರು ಮಾಡುತ್ತಾ ಬಂದಿದೆ. ಕಲಿತವರು ಹೆಚ್ಚಾಗಿ ನೆಲೆ ನಿಲ್ಲುವುದು ದೊಡ್ಡ ಊರುಗಳಲ್ಲಿ. ತಾಲ್ಲೂಕಿನಲ್ಲಿ ಆ ಜಾಗ ತುಂಬುವವನು ಅಂಗಡಿಯ ಹುಡುಗ, ಅವನ ಕೈಯಲ್ಲಿರುವುದು ಟೇಪು.

ಎರಡನೆಯದು ಲೆಕ್ಕದ ರೀತಿ. ವಿಕಲಚೇತನರಿಗೆ ಸಾಧನದ ನೆರವು ನೀಡುವ ಕೇಂದ್ರದ ಎಡಿಐಪಿ ಯೋಜನೆ 1981ರಿಂದ ನಡೆಯುತ್ತಿದೆ, ಶೇ. 40ರ ವಿಕಲತೆಯ ಪ್ರಮಾಣಪತ್ರ ಮತ್ತು ಆದಾಯದ ಮಿತಿಯೊಳಗಿರುವವರಿಗೆ ಸಾಧನ ಕೊಡುತ್ತದೆ. ಬಹುಪಾಲು ಸಾಧನಗಳು ಬರುವುದು 1972ರಲ್ಲಿ ಕಾನ್ಪುರದಲ್ಲಿ ಸ್ಥಾಪನೆಯಾದ ಸರ್ಕಾರಿ ಕಂಪನಿ ಅಲಿಮ್ಕೊದಿಂದ. ಮೊದಲು ತಪಾಸಣಾ ಶಿಬಿರ, ಕೆಲವು ತಿಂಗಳ ಮೇಲೆ ವಿತರಣಾ ಶಿಬಿರ. ಈ ಶಿಬಿರಗಳನ್ನು ಹಳಿಯುವುದು ಸುಲಭ, ನಾನು ಹಳಿಯಲಾರೆ. ಜಿಲ್ಲಾ ಆಸ್ಪತ್ರೆಗೆ ಬಸ್ ಹಿಡಿಯಲಾಗದವರಿಗೆ ಅದೊಂದೇ ಬಾಗಿಲು. ತ್ರಿಚಕ್ರ ಸೈಕಲ್, ಊರುಗೋಲು, ಶ್ರವಣ ಸಾಧನಗಳ ಮಟ್ಟಿಗೆ ಶಿಬಿರ ದೊಡ್ಡ ಕೆಲಸ ಮಾಡಿದೆ. ಆದರೆ ಮೈಗೆ ಅಂಟಿಕೊಂಡೇ ಕೆಲಸ ಮಾಡುವ ಸಾಧನಕ್ಕೆ ಆ ಕ್ರಮ ಒಗ್ಗುವುದಿಲ್ಲ. ತಪಾಸಣೆಗೂ ವಿತರಣೆಗೂ ನಡುವಿನ ತಿಂಗಳುಗಳಲ್ಲಿ ಬಿಗಿ ಹೆಚ್ಚಿರುತ್ತದೆ, ಊತ ಇಳಿದಿರುತ್ತದೆ, ಮಗು ಬೆಳೆದಿರುತ್ತದೆ. ಯೋಜನೆಯ ನಿಯಮದಲ್ಲಿ ಸಾಧನ ಕೊಟ್ಟ ನಂತರದ ಆರೈಕೆಯ ಮಾತೂ ಇದೆ. ವೇದಿಕೆಯ ಬ್ಯಾನರಿನ ಮೇಲೆ ಬರುವುದು ಮಾತ್ರ ಎಷ್ಟು ಜನರಿಗೆ ಕೊಟ್ಟೆವು ಎಂಬ ಸಂಖ್ಯೆ.

ಮಕ್ಕಳ ವಿಚಾರದಲ್ಲಿ ನಿಯಮವೇ ಇನ್ನೊಂದು ತೊಡಕು. ಒಮ್ಮೆ ಸಾಧನ ಪಡೆದವರು ಮೂರು ವರ್ಷ ಮತ್ತೆ ಕೇಳುವಂತಿಲ್ಲ. 12 ವರ್ಷದೊಳಗಿನ ಮಕ್ಕಳಿಗೆ ಈ ಅವಧಿ ಒಂದು ವರ್ಷ. ರಿಯಾಯಿತಿ ಒಳ್ಳೆಯದೇ. ಆದರೆ ಸೆರೆಬ್ರಲ್ ಪಾಲ್ಸಿ (ಎಳವೆಯಲ್ಲೇ ಮಿದುಳಿಗಾದ ಹಾನಿಯಿಂದ ಚಲನೆ ಕುಂಟುವ ಸ್ಥಿತಿ) ಇರುವ ಮೂರು ವರ್ಷದ ಮಗುವಿನ ಪಾದ ಅಷ್ಟು ದಿನ ಕಾಯುವುದಿಲ್ಲ, ಆರೆಂಟು ತಿಂಗಳಿಗೇ ಬೆರಳು ಸ್ಪ್ಲಿಂಟಿನ ಅಂಚು ದಾಟುತ್ತದೆ. ಉಳಿದ ತಿಂಗಳು ತಾಯಿ ಬಿಗಿಯಾದದ್ದನ್ನೇ ಹಾಕಬೇಕು, ಇಲ್ಲವೇ ಹಾಕದೆ ಬಿಡಬೇಕು.

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಮಾನದಂಡಗಳು ಈ ಸೇವೆಯನ್ನು ನಾಲ್ಕು ಹಂತ ಮಾಡುತ್ತವೆ: ತಪಾಸಣೆ, ತಯಾರಿಸಿ ಹೊಂದಿಸುವುದು, ಬಳಸಲು ಕಲಿಸುವುದು, ಕೊಟ್ಟು ಹಿಂಬಾಲಿಸುವುದು. ನಾವು ಎರಡನೆಯದಕ್ಕೆ ದುಡ್ಡು ಕೊಡುತ್ತೇವೆ, ಮೊದಲನೆಯದನ್ನು ಅವಸರದಲ್ಲಿ ಮುಗಿಸುತ್ತೇವೆ, ಉಳಿದೆರಡನ್ನು ರೋಗಿಯ ಹಣೆಗೆ ಬಿಡುತ್ತೇವೆ. ಹಿಂಬಾಲಿಸಲು ಹೊಸ ಇಲಾಖೆಯೇನೂ ಬೇಡ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಗೌರವಧನಕ್ಕೆ ದುಡಿಯುವ, ಬಹುತೇಕ ತಾವೂ ವಿಕಲಚೇತನರಾಗಿರುವ ಇವರಿಗೆ ಯಾವ ಮನೆಯಲ್ಲಿ ಯಾರಿದ್ದಾರೆಂದು ಗೊತ್ತು. ಸಾಧನ ಈಗ ಎಲ್ಲಿದೆ, ದಿನಕ್ಕೆ ಎಷ್ಟು ಹೊತ್ತು ತೊಡುತ್ತಾರೆ, ಚರ್ಮ ಹೇಗಿದೆ ಎಂಬ ಮೂರು ಪ್ರಶ್ನೆಗಳನ್ನು ಎರಡನೇ ವಾರ ಮತ್ತು ಮೂರನೇ ತಿಂಗಳು ಕೇಳಿ, ಕಾಲಿನ ಫೋಟೊವನ್ನು ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿಸ್ಟ್‌ಗೆ ಕಳಿಸಲು ಒಂದು ಮೊಬೈಲ್ ಸಾಕು. ಅದಕ್ಕೆ ತಕ್ಕ ಪ್ರಯಾಣಭತ್ಯೆ ಕೊಡಬೇಕು, ಆ ಮಾತು ಬೇರೆ ಹೇಳಬೇಕಿಲ್ಲ.

ನಮ್ಮ ಚಿಕ್ಕಪ್ಪನಿಗೆ ಮನೆಯೊಳಗೆ ಮಾತ್ರ ತೊಡುವ, ಹಿಂದೆ ಪಟ್ಟಿ ಇರುವ ಒಂದು ಜೊತೆ ಹೊಸ ಸ್ಯಾಂಡಲ್ ತಂದೆವು. ಬೀದಿಯ ಮಣ್ಣು ಸೋಕದ್ದು ಎಂದು ಚಿಕ್ಕಮ್ಮ ಒಪ್ಪಿದರು, ದೇವರ ಕೋಣೆಯ ಹೊಸ್ತಿಲವರೆಗೆ. ಎಡ ಸ್ಯಾಂಡಲ್ಲಿನ ಹಿಮ್ಮಡಿಯಡಿ ಫಿಸಿಯೋಥೆರಪಿಸ್ಟ್ ರಬ್ಬರಿನ ಬೆಣೆಯೊಂದನ್ನು ಅಂಟಿಸಿ, ನಡೆಸಿ ನೋಡಿ, ಹೆರೆದು, ಮತ್ತೆ ನಡೆಸಿದಳು. ಅದಕ್ಕೆ ಸಮವಾಗುವಂತೆ ಬಲ ಸ್ಯಾಂಡಲ್ಲಿಗೂ ತೆಳು ಪದರ ಹಾಕಿದಳು. ಮಂಡಿ ಹಿಂದಕ್ಕೆ ಹೋಗುವುದು ನಿಂತಿತು. ಎಂಟು ತಿಂಗಳ ಮೇಲೆ ಸ್ಪ್ಲಿಂಟ್ ಮತ್ತೆ ಒಂದು ವಾರ ಮೊಳೆಗೆ ಹೋಗಿತ್ತು, ಈ ಸಲ ವೆಲ್ಕ್ರೋ ಪಟ್ಟಿ ಸವೆದು ಅಂಟುವುದನ್ನು ಬಿಟ್ಟಿದ್ದರಿಂದ. ಮಾಡಿದ ಕಡೆ ಫೋನ್ ಮಾಡಿದರೆ ರೋಗಿಯನ್ನು ಕರೆದುಕೊಂಡು ಬನ್ನಿ ಎಂದರು, ನೂರ ನಲವತ್ತು ಕಿಲೋಮೀಟರ್. ಬಸ್ ನಿಲ್ದಾಣದ ಎದುರು ಶಾಲಾ ಚೀಲ ಹೊಲಿಯುವವನ ಬಳಿ ಒಯ್ದೆ. ಹಳೆಯದನ್ನು ಬಿಚ್ಚಿ, ಹೊಸ ಪಟ್ಟಿ ಹೊಲಿದು, ಎಳೆದು ನೋಡಿ, ಅರವತ್ತು ರೂಪಾಯಿ ತೆಗೆದುಕೊಂಡ.